ಒದ್ದೆ ಕಂಕುಳಿನ ಥರ್ಮಾಮೀಟರು

ಜ್ವರ ಬಂದ ಮಗುವಿಗೆ ಒದ್ದೆ ಬಟ್ಟೆ ಹಾಕಲು ನನ್ನದೊಂದು ಕ್ರಮವಿತ್ತು. ಪಿಂಗಾಣಿ ಬೋಗುಣಿಯಲ್ಲಿ ಅರ್ಧದವರೆಗೆ ನೀರು. ಒಂದೇ ಅಳತೆಗೆ ಕತ್ತರಿಸಿ ಅಂಚು ಹೊಲಿದ ಆರು ಬಟ್ಟೆ. ಹಣೆಗೆ ಒಂದು, ಕಂಕುಳಿಗೆ ಎರಡು, ತೊಡೆಯ ಸಂದಿಗೆ ಎರಡು, ಮೈ ಒರೆಸಲು ಒಂದು. ಐದು ನಿಮಿಷಕ್ಕೊಮ್ಮೆ ಬಟ್ಟೆ ಬದಲಿಸಬೇಕು, ಅರ್ಧ ಗಂಟೆಗೆ ಎಲ್ಲ ಮುಗಿಸಬೇಕು. ಆಮೇಲೆ ಥರ್ಮಾಮೀಟರನ್ನು ಜಾಡಿಸಿ ಮಗುವಿನ ಕಂಕುಳಲ್ಲಿ ಇಟ್ಟು, ಗಡಿಯಾರ ನೋಡುತ್ತ ಮೂರು ನಿಮಿಷ ನಿಲ್ಲಬೇಕು. ಪಾದರಸ ಪ್ರತಿ ಸಲವೂ ಇಳಿದಿರುತ್ತಿತ್ತು. ಅದನ್ನು ತಖ್ತೆಯಲ್ಲಿ, ಅಂದರೆ ಜ್ವರದ ಪಟ್ಟಿಯಲ್ಲಿ, ಬರೆದು, ಸಹಿ ಹಾಕಿ, ಬೋಗುಣಿ ತೊಳೆದು ಮಗುಚಿ ಇಡುತ್ತಿದ್ದೆ.

ನರ್ಸಿಂಗ್ ಕಲಿಯುವಾಗ ನಮ್ಮ ಮೇಟ್ರನ್ ಬಾಯಿಯವರು ಹಾಸಿಗೆಯ ಮೂಲೆ ಒಂದು ಬೆರಳು ವಾರೆಯಾದರೂ ಚಾದರ ಕಿತ್ತು ಮತ್ತೆ ಹಾಸಿಸುತ್ತಿದ್ದರು. ಆ ಅಭ್ಯಾಸ ನನ್ನ ಎಲುಬಿಗೆ ಇಳಿದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಿಗೆ ವರ್ಗವಾದರೂ ನಾನು ಮಾಡುತ್ತಿದ್ದ ಮೊದಲ ಕೆಲಸ, ಈ ಕ್ರಮವನ್ನು ದಪ್ಪ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಸಿ ಮಕ್ಕಳ ಕೋಣೆಯ ಗೋಡೆಗೆ ತೂಗುಹಾಕುವುದು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ಬಸವನ ಬಾಗೇವಾಡಿ ತಾಲೂಕಿನ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿದ್ದೆ. ಆಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು.

ಆ ಬೇಸಿಗೆಯ ಮುಂಚೆ ಒಂದು ಪತ್ರ ಬಂತು. ಈ ನಾಲ್ಕೂ ತಾಲೂಕಿನ ನರ್ಸುಗಳಿಗೆ ಬಾಗೇವಾಡಿಯಲ್ಲಿ ಒಂದು ದಿನದ ತರಬೇತಿ ಇದೆ, ಮಕ್ಕಳ ಜ್ವರದ ಶುಶ್ರೂಷೆಯನ್ನು ನಾನು ಮಾಡಿ ತೋರಿಸಬೇಕು ಎಂದು ಅದರಲ್ಲಿತ್ತು. ಪತ್ರವನ್ನು ಮೂರು ಸಲ ಓದಿದೆ. ಇಷ್ಟು ವರ್ಷ ನಾಲ್ಕು ಗೋಡೆಗಳ ನಡುವೆ ಮಾಡಿದ ಕೆಲಸವನ್ನು ಮೊದಲ ಬಾರಿಗೆ ಯಾರೋ ಎಲ್ಲರೆದುರು ಮಾಡಿ ತೋರಿಸು ಅನ್ನುತ್ತಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ತಲೆದಿಂಬನ್ನೇ ಮಗು ಎಂದುಕೊಂಡು ಮನೆಯಲ್ಲಿ ಅಭ್ಯಾಸ ಶುರು ಮಾಡಿದೆ. ಬಿಳಿ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿಟ್ಟೆ.

ತರಬೇತಿಗೆ ಹನ್ನೆರಡು ದಿನ ಇರುವಾಗ ನಮ್ಮ ಡಾಕ್ಟರು ನನ್ನ ಮೇಜಿನ ಮೇಲೆ ಒಂದಿಷ್ಟು ಹಾಳೆ ತಂದಿಟ್ಟರು. ಅವರು ಸಿಂದಗಿ ಕಡೆಯ ಹುಡುಗಿ, ಓದು ಮುಗಿಸಿ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಜಿಲ್ಲಾ ಊರಿಗೆ ಹೋದಾಗಲೆಲ್ಲ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಏನೇನೋ ಅಚ್ಚು ತೆಗೆಸಿಕೊಂಡು ಬರುತ್ತಿದ್ದರು.

"ಸಿಸ್ಟರ್, ಇದನ್ನೊಂದು ಓದ್ರಿ. ಒದ್ದಿ ಅರಬಿದ್ದು ಐತಿ."

ಒದ್ದೆ ಬಟ್ಟೆಯ ಬಗ್ಗೆ ಬರೆದದ್ದಂತೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಅವರೇ ಕೂತು ಹೇಳಿದರು. ಬೇರೆ ಬೇರೆ ದೇಶಗಳಲ್ಲಿ ಜ್ವರದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದ್ದಾರೆ. ಒಂದು ಗುಂಪಿಗೆ ಜ್ವರದ ಔಷಧ ಮಾತ್ರ, ಇನ್ನೊಂದಕ್ಕೆ ಔಷಧದ ಜೊತೆಗೆ ಒದ್ದೆ ಬಟ್ಟೆ. ಮೊದಮೊದಲು ಬಟ್ಟೆಯ ಗುಂಪಿಗೆ ಜ್ವರ ತುಸು ಬೇಗ ಇಳಿಯುತ್ತದೆ. ಎರಡು ತಾಸಿನ ಹೊತ್ತಿಗೆ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ. ನಡುಗಿದ್ದು, ಅತ್ತದ್ದು ಮಾತ್ರ ಬಟ್ಟೆಯ ಗುಂಪಿನಲ್ಲಿ ಜಾಸ್ತಿ. ನೋಡಿದ ಮಕ್ಕಳ ಸಂಖ್ಯೆ ಸಣ್ಣದು, ಇದೇ ಕೊನೆಯ ಮಾತಲ್ಲ ಎಂದೂ ಬರೆದಿದೆ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು.

"ಮೇಡಂ, ಇದನ್ನ ಬರದ ಮಂದಿ ಇಂಡಿ ಬಿಸಲಾಗ ಒಂದ ದಿನಾ ನಿಂತಾರೇನ್ರಿ?"

"ಬಿಸಲ ಬಡದದ್ದು ಬ್ಯಾರೆ ಮಾತ್ರಿ. ಅದಕ್ಕ ನೀರು ಬೇಕಽ ಬೇಕು, ಅದೂ ಲಗೂನ. ನಾ ಹೇಳಾಕತ್ತಿದ್ದು ನೆಗಡಿ ಕೆಮ್ಮಿನ ಜ್ವರಕ್ಕ."

"ನನ್ನ ತಖ್ತೆ ನೋಡ್ರಿ. ಇಳೀಲಾರದ್ದು ಒಂದರ ತೋರಸ್ರಿ."

ದಾರ ಕಟ್ಟಿದ ತಖ್ತೆಗಳ ಕಟ್ಟನ್ನೇ ಅವರ ಮುಂದೆ ಇಟ್ಟೆ. ಅವರು ಒಂದೊಂದೇ ತಿರುವಿದರು. ಎಲ್ಲವೂ ಅಚ್ಚುಕಟ್ಟು. ಬಟ್ಟೆ ಹಾಕುವ ಮುಂಚಿನ ಅಂಕಿ, ಹಾಕಿದ ಮೇಲಿನ ಅಂಕಿ, ಕೆಳಗೆ ನನ್ನ ಸಹಿ.

"ಎಲ್ಲಾ ಇಳದಾವ್ರಿ," ಅಂದರು. "ಇದರ ಮುಂದಿಂದು ಎಲ್ಲೈತಿ?"

"ಮುಂದಿಂದು ಅಂದ್ರ?"

"ಎರಡ ತಾಸಿನ ಮ್ಯಾಲಿಂದು."

"ಇಳದಮ್ಯಾಲ ಮತ್ಯಾಕ ನೋಡಬೇಕ್ರಿ?"

ಡಾಕ್ಟರು ನಕ್ಕರು ಅಷ್ಟೇ. ಆ ನಗು ಇಡೀ ದಿನ ನನ್ನನ್ನು ಚುಚ್ಚಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ಮಸೂತಿ ಎಂಬ ಊರಿನಿಂದ ಒಬ್ಬ ತಾಯಿ ಏಳು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ತಂದಳು. ಹುಡುಗಿಗೆ ಕೌದಿ ಸುತ್ತಿದ್ದಳು. ಅವಳ ಗಂಡ ಆಲಮಟ್ಟಿ ಕಾಲುವೆಯ ಕೆಲಸಕ್ಕೆ ಹೋಗುವವ. ಹೊಲ, ಮನೆ, ಮಗು ಎಲ್ಲ ಇವಳೊಬ್ಬಳದೇ. ಹೊರಗೆ ಸೆಕೆ, ಒಳಗೆ ಕೌದಿ. ನಾನು ಬಾಗಿಲಲ್ಲೇ ಗದರಿದೆ.

"ಏನವಾ, ಹುಡಿಗೀನ ರೊಟ್ಟಿ ಗಂಟ ಕಟ್ಟಿದಂಗ ಕಟ್ಟಿಯಲ್ಲ! ಬಿಚ್ಚು ಮೊದ್ಲ."

"ಚಳಿ ಅಂತಾಳ್ರಿ ಬಾಯಾರ."

"ಜ್ವರದಾಗ ಚಳಿ ಅನ್ನೂದಽ. ಬಿಚ್ಚು."

ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ತಾಯಿಯ ಮುಖ ಕೆಂಪಾಯಿತು. ಡಾಕ್ಟರು ಹುಡುಗಿಯ ಗಂಟಲು, ಎದೆ, ಕಿವಿ ನೋಡಿ, ನೆಗಡಿಯ ಜ್ವರ ಎಂದು ಹೇಳಿ, ತೂಕಕ್ಕೆ ತಕ್ಕ ಔಷಧ ಕುಡಿಸಿ, ಒಂದೆರಡು ತಾಸು ಇಲ್ಲೇ ಇರಲಿ ಎಂದು ಕೋಣೆಗೆ ಕಳಿಸಿದರು. ಒದ್ದೆ ಬಟ್ಟೆ ಬೇಡ ಎಂದು ಅವರು ಹೇಳಲಿಲ್ಲ. ಹಾಕಿರಿ ಎಂದೂ ಹೇಳಲಿಲ್ಲ. ಆ ಕೋಣೆ ನನ್ನದು. ನಾನು ಬೋಗುಣಿ ತಂದೆ.

ಕಂಕುಳಲ್ಲಿ ಜ್ವರ ನೂರಾ ಎರಡು ಇತ್ತು. ಬರೆದೆ. ಬಟ್ಟೆ ಹಾಕಿದೆ. ಹುಡುಗಿ ಮೊದಲು ಕೂಗಿದಳು, ಆಮೇಲೆ ಹಲ್ಲು ಕಟಕಟ ಅನ್ನಿಸುತ್ತ ನಡುಗಿದಳು, ಕೊನೆಗೆ ನನ್ನನ್ನೇ ದಿಟ್ಟಿಸಿ ಅಂದಳು:

"ಈ ಅರಬಿ ನಿಮ್ಮ ಬಗಲಾಗ ಇಟಗೊಂಡ ನೋಡ್ರಿ ಬಾಯಾರ, ಹೆಂಗ ಆಗತೈತಿ ಅಂತ."

"ಬಾಯಿ ಭಾಳ ಐತಿ ನಿಂದು," ಅಂದೆ. ಅರ್ಧ ಗಂಟೆಗೆ ಮುಗಿಸಿ ಥರ್ಮಾಮೀಟರು ಇಟ್ಟೆ. ನೂರು! ತಾಯಿಗೆ ತೋರಿಸಿದೆ. "ನೋಡವಾ, ಎರಡ ಡಿಗ್ರಿ ಇಳದಾವ."

ಅವಳು ಥರ್ಮಾಮೀಟರನ್ನು ನೋಡಲೇ ಇಲ್ಲ. ಮಗಳ ಅಂಗಿಯ ಕೆಳಗೆ ಕೈ ಹಾಕಿ ಹೊಟ್ಟೆ ಮುಟ್ಟಿದಳು.

"ಎಲ್ಲಿ ಇಳದಾವ್ರಿ? ಹೊಟ್ಟಿ ಕೆಂಡ ಆಗೇತಿ. ನಿಮ್ಮ ಕಡ್ಡಿ ಖೊಟ್ಟಿ ಐತ್ರಿ."

"ಕಡ್ಡಿ ಖೊಟ್ಟಿ, ನಿನ್ನ ಕೈ ಖರೇ ಏನ?"

"ಹೌದ್ರಿ, ಖರೇ. ಹಡದ ಕೈ ಐತಿ." ಕೌದಿ ಎತ್ತಿಕೊಂಡಳು. "ಏಳವಾ, ಮನಿಗೆ ಹೋಗೂನು."

ಅವಳನ್ನು ಹೋಗಗೊಡಬಾರದು, ಅವಳ ತಪ್ಪನ್ನು ಅವಳ ಕಣ್ಣೆದುರೇ ತೋರಿಸಬೇಕು ಎಂಬ ಹಟ ನನಗೆ. "ಇನ್ನೊಮ್ಮಿ ಇಡ್ತೇನಿ ತಡಿ," ಎಂದು ಥರ್ಮಾಮೀಟರು ಜಾಡಿಸಿದೆ. ಹುಡುಗಿ ಎರಡೂ ತೋಳನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡಳು. ಎಳೆದರೂ ಬಿಡಲೊಲ್ಲಳು.

"ಬಗಲಾಗ ಬ್ಯಾಡ್ರಿ, ಥಂಡಿ ಆಗತೈತಿ. ಬಾಯಾಗ ಇಡ್ರಿ. ಮುದ್ದೇಬಿಹಾಳದಾಗ ಡಾಕ್ಟರ ಬಾಯಾಗಽ ಇಟ್ಟಿದ್ರು."

ಮಕ್ಕಳ ಬಾಯಲ್ಲಿ ಗಾಜು ಇಡಬಾರದು, ಕಚ್ಚಿ ಒಡೆಯುತ್ತಾರೆ ಎಂಬುದು ನಾನು ಕಲಿತ ನಿಯಮ. ಅದುವರೆಗೆ ಒಮ್ಮೆಯೂ ಮುರಿದಿರಲಿಲ್ಲ. ಆದರೆ ಈ ಹುಡುಗಿಗೆ ಏಳು ತುಂಬಿತ್ತು, ಮಾತು ನೋಡಿದರೆ ಹದಿನೇಳು. ನೀರು ಕುಡಿದಿಲ್ಲವಷ್ಟೇ ಎಂದು ಕೇಳಿ, ನಾಲಿಗೆಯ ಕೆಳಗೆ ಇಟ್ಟು, ಪಕ್ಕದಲ್ಲೇ ನಿಂತೆ.

ನೂರಾ ಎರಡೂವರೆ.

ಓದಿದ್ದು ತಪ್ಪೆಂದು ಕಿಟಕಿಯ ಬೆಳಕಿಗೆ ಹಿಡಿದೆ. ನೂರಾ ಎರಡೂವರೆಯೇ. ಬಾಯಿಗೂ ಕಂಕುಳಿಗೂ ಒಂದು ಡಿಗ್ರಿಯಷ್ಟು ವ್ಯತ್ಯಾಸ ಇರುತ್ತದೆಂದು ನನಗೆ ಗೊತ್ತು. ಎರಡೂವರೆ ಎಲ್ಲಿಂದ ಬಂತು? ಕಪಾಟಿನಿಂದ ಎರಡನೆಯ ಥರ್ಮಾಮೀಟರು ತಂದೆ. ಹುಡುಗಿಗೆ ಆಟ ಅನ್ನಿಸಿತೋ ಏನೋ, ತೋಳು ಸಡಿಲಿಸಿದಳು. ಒಂದು ಬಾಯಲ್ಲಿ, ಒಂದು ಕಂಕುಳಲ್ಲಿ, ಎರಡೂ ಒಟ್ಟಿಗೆ. ಆಮೇಲೆ ಎರಡನ್ನೂ ತೊಳೆದು ಅದಲು ಬದಲು ಮಾಡಿ ಇನ್ನೊಮ್ಮೆ. ಗಾಜಿನಲ್ಲಿ ದೋಷವಿರಲಿಲ್ಲ. ಯಾವುದನ್ನು ಎಲ್ಲಿಟ್ಟರೂ ಬಾಯಿ ಬಿಸಿ, ಕಂಕುಳು ತಣ್ಣಗೆ.

ಆಗ ನನ್ನ ಕೈ ಹುಡುಗಿಯ ಕಂಕುಳಿಗೆ ತಾಗಿತು. ಹಸಿ. ಅರ್ಧ ಗಂಟೆ ಅಲ್ಲೇ ತಣ್ಣನೆಯ ಬಟ್ಟೆ ಇಟ್ಟಿದ್ದೆ! ಬಟ್ಟೆ ಇಟ್ಟ ಜಾಗದಲ್ಲೇ ಥರ್ಮಾಮೀಟರು ಇಟ್ಟು, ಬಟ್ಟೆಯ ತಂಪನ್ನೇ ಅಳೆದು, ಮಗುವಿನ ಜ್ವರ ಇಳಿಯಿತೆಂದು ಬರೆದಿದ್ದೆ. ಅಂದು ಒಂದೇ ದಿನವೇ? ಇಂಡಿಯಲ್ಲಿ, ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ, ಎಲ್ಲ ಕಡೆ ಅದೇ ಕ್ರಮ, ಅದೇ ಕಂಕುಳು, ಅದೇ ಸಹಿ.

ನಾಚಿಕೆಯಾಗಬೇಕಿತ್ತು, ಆಮೇಲೆ ಆಯಿತು ಕೂಡ. ಆದರೆ ಆ ಗಳಿಗೆಯಲ್ಲಿ ನನಗಾದದ್ದು ನಾಚಿಕೆಯಲ್ಲ. ಅಷ್ಟು ವರ್ಷ ಕಾಣದ್ದು ಕಂಡ ಹುರುಪು. ಕೆಲಸದ ವೇಳೆಯಲ್ಲಿ ಎಂದೂ ಓಡದ ನಾನು ಥರ್ಮಾಮೀಟರು ಹಿಡಿದು ಡಾಕ್ಟರ ಕೋಣೆಗೆ ಓಡಿದೆ. ಹೊರಗೆ ಕೂತಿದ್ದ ಹೆಂಗಸರು, ಯಾರಿಗೋ ಏನೋ ಆಯಿತೆಂದು ಎದ್ದು ನಿಂತರು.

"ಮೇಡಂ, ಲಗೂನ ಬರ್ರಿ. ನನ್ನ ತಖ್ತೆ ಎಲ್ಲಾ ಖೊಟ್ಟಿ ಅದಾವ!"

ಡಾಕ್ಟರು ಬಂದರು. ಕಂಕುಳು ಚೆನ್ನಾಗಿ ಒರೆಸಿ, ಹುಡುಗಿಗೆ ತೆಳು ಚಾದರ ಹೊದಿಸಿದೆವು. ಇಪ್ಪತ್ತು ನಿಮಿಷಕ್ಕೆ ಅದೇ ಕಂಕುಳು ನೂರಾ ಒಂದೂವರೆಗೆ ಏರಿತು. ನಾನು ತಖ್ತೆಯಲ್ಲಿ ಹೊಸ ಗೆರೆಗಳನ್ನು ಎಳೆದು, ಅರ್ಧ ಗಂಟೆಗೊಮ್ಮೆ ನೋಡಿ ಬರೆದೆ. ಆಮೇಲೆ ಔಷಧ ಹಿಡಿಯತೊಡಗಿತು. ಜ್ವರ ನಿಧಾನವಾಗಿ, ಹೊಟ್ಟೆ ಕಂಕುಳು ಬಾಯಿ ಎಲ್ಲ ಕಡೆ ಇಳಿಯಿತು. ಮಧ್ಯಾಹ್ನದ ಮುಂಚೆ ಹುಡುಗಿ ಎದ್ದು ಕೂತು ರೊಟ್ಟಿ ಕೇಳಿದಳು. ತಾಯಿ ಮತ್ತೆ ಹೊಟ್ಟೆ ಮುಟ್ಟಿ, "ಈಗ ಇಳದಾವ ನೋಡ್ರಿ," ಅಂದಳು. ನಾನು ಥರ್ಮಾಮೀಟರು ಇಟ್ಟು ನೋಡಿದೆ. ಅವಳ ಕೈ ಹೇಳಿದ್ದು ಸರಿ ಇತ್ತು.

"ಯವ್ವಾ, ನಾ ಎಲ್ಲಾರ ಮುಂದ ನಿನಗ ಬೈದೆ. ಕೌದಿ ಭಾಳಽ ಆಗಿತ್ತು, ಅದು ಖರೇ. ಆದ್ರ ಒದ್ದಿ ಅರಬಿ ಮಾತಿಗೆ ನಿಂದಽ ಖರೇ ಆತು."

"ಹೋಗ್ಲಿ ಬಿಡ್ರಿ ಬಾಯಾರ," ಅಂದಳು. ಹುಡುಗಿ ಬಿಡಲಿಲ್ಲ: "ನಿಮ್ಮ ಬಗಲಾಗ ಇಟಗೊಂಡು ನೋಡ್ತೀರೇನ?"

ನೋಡಿದೆ. ಅಂದೇ ಸಂಜೆ ನಾಲ್ಕಕ್ಕೆ, ನರ್ಸುಗಳ ಕೋಣೆಯ ಬಾಗಿಲು ಹಾಕಿಕೊಂಡು. ಡಾಕ್ಟರು ಗಡಿಯಾರ ಹಿಡಿದರು, ಕಿರಿಯ ನರ್ಸ್ ಒಬ್ಬಳು ಬರೆದುಕೊಂಡಳು. ಜ್ವರವಿಲ್ಲದ ನನ್ನ ಬಾಯಿ ತೊಂಬತ್ತೆಂಟು ದಾಟಿತ್ತು, ಕಂಕುಳು ಅದಕ್ಕಿಂತ ತುಸು ಕಡಿಮೆ. ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಂಡೆ. ಮೈಯೆಲ್ಲ ಜುಮ್ಮೆಂದಿತು. ಎಷ್ಟೋ ವರ್ಷ ಪರರ ಮಕ್ಕಳಿಗೆ ಮಾಡಿದ್ದು ಹೇಗಿರುತ್ತದೆಂದು ಮೊದಲ ಸಲ ತಿಳಿಯಿತು, ಅದೂ ಜ್ವರವಿಲ್ಲದ ಮೈಗೆ. ಆಮೇಲೆ ಅಳೆದರೆ ಬಾಯಿ ಇದ್ದಲ್ಲೇ ಇತ್ತು. ಕಂಕುಳಲ್ಲಿ ಪಾದರಸ ಕೆಳಗಿನ ಮೊದಲ ಗೆರೆ ಬಿಟ್ಟು ಮೇಲೇರಲೇ ಇಲ್ಲ.

"ಈ ಲೆಕ್ಕಕ್ಕ ನಿಮ್ಮನ್ನ ಕಂಬಳಿ ಹೊಚ್ಚಿ ಮಲಗಸಬೇಕ್ರಿ ಸಿಸ್ಟರ್," ಎಂದು ಕಿರಿಯವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಡಾಕ್ಟರೂ ನಕ್ಕರು. ನನಗೂ ತಡೆಯಲಾಗಲಿಲ್ಲ.

ನಗು ಮುಗಿದ ಮೇಲೆ ತರಬೇತಿಯ ನೆನಪಾಯಿತು. ನಾಲ್ಕು ತಾಲೂಕಿನ ಎದುರು ಯಾವುದನ್ನು ತೋರಿಸಲಿ? ಹಳೆಯ ಕ್ರಮವನ್ನೇ ಚೆಂದಾಗಿ ತೋರಿಸಿ ಚಪ್ಪಾಳೆ ತೆಗೆದುಕೊಂಡು ಬರಬಹುದಿತ್ತು. ಮುಂದಿನ ವರ್ಷ ನಾನೇ ಇರುವುದಿಲ್ಲ.

"ಮೇಡಂ, ಆ ಭಾಗ ನೀವಽ ಹೇಳಿಬಿಡ್ರಿ. ಹಾಳಿ ನಿಮ್ಮ ಹಂತೇಕ ಅದಾವ."

"ನಾ ಹೇಳಿದ್ರ ಹಾಳಿ ಓದಿ ಹೇಳಿದಂಗ ಆಗತೈತ್ರಿ. ನಿಮ್ಮ ಹಲಗಿ ಅವರೆಲ್ಲಾರ ಗ್ವಾಡಿ ಮ್ಯಾಲ ಐತಿ. ನೀವಽ ಹೇಳಬೇಕು."

ಮರುದಿನ ಬೆಳಿಗ್ಗೆ ಏಳಕ್ಕೆ ತಲೆದಿಂಬು ತೆಗೆದುಕೊಳ್ಳಲಿಲ್ಲ. ಎರಡು ಥರ್ಮಾಮೀಟರು ತೆಗೆದುಕೊಂಡೆ. ಉಳಿದ ದಿನಗಳಲ್ಲಿ ಬಂದ ಜ್ವರದ ಮಕ್ಕಳಿಗೆಲ್ಲ ಡಾಕ್ಟರು ಹೇಳಿದ ಔಷಧ, ಕುಡಿಯಲು ನೀರು, ತೆಳು ಬಟ್ಟೆ ಅಷ್ಟೇ ಕೊಟ್ಟು, ತಾಸಿಗೊಮ್ಮೆ ತಖ್ತೆ ತುಂಬಿದೆ. ನಾಲ್ಕು ತಖ್ತೆ ಕಂಡರೆ ಎಲ್ಲ ತಿಳಿದಂತೆ ಹಾರಾಡಬೇಡಿರಿ ಎಂದು ಡಾಕ್ಟರು ಎಚ್ಚರಿಸುತ್ತಲೇ ಇದ್ದರು. ತೂಕ ಇರುವುದು ಆ ಹಾಳೆಗಳಿಗೆ, ನಮ್ಮ ತಖ್ತೆ ಹೇಳುವುದು ನಾವು ಎಲ್ಲಿ ಎಡವಿದೆವು ಎಂಬುದನ್ನು ಮಾತ್ರ ಅನ್ನುತ್ತಿದ್ದರು. ಹಾರಾಡದೆ ಇರುವುದು ಕಷ್ಟವಾಯಿತು. ನಿವೃತ್ತಿಯ ಅಂಚಿನಲ್ಲಿ ಕೆಲಸ ಮತ್ತೆ ಹೊಸದಾಗಿತ್ತು.

ತರಬೇತಿಯ ದಿನ ಸಭಾಗೃಹ ತುಂಬಿತ್ತು. ಮುಂದಿನ ಸಾಲಿನಲ್ಲಿ ಇಂಡಿಯ ಹಿರಿಯ ನರ್ಸ್ ಕೂತಿದ್ದಳು. ನಾವಿಬ್ಬರೂ ಅದೇ ಮೇಟ್ರನ್ ಬಾಯಿಯವರ ಕೈಯಲ್ಲಿ ಕಲಿತವರು, ಒಂದೇ ಕೋಣೆಯಲ್ಲಿ ಇದ್ದವರು. ಗಂಜಿ ಹಾಕಿದ ಸೀರೆಯಲ್ಲಿ ನಾನು ಬೋಗುಣಿ, ಆರು ಬಟ್ಟೆ, ಹಲಗೆ ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಎಲ್ಲರೂ ಪೆನ್ನು ತೆಗೆದರು. ನಾನು ಹಲಗೆಯನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಇಟ್ಟೆ. ಮಸೂತಿಯ ಹುಡುಗಿಯ ತಖ್ತೆಯನ್ನು ದೊಡ್ಡ ಹಾಳೆಯ ಮೇಲೆ ಬರೆದು ತಂದಿದ್ದೆ. ಅದನ್ನು ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹಾಳೆಗಳಲ್ಲಿ ಏನಿದೆ ಎಂಬುದನ್ನು ಡಾಕ್ಟರು ಬಿಡಿಸಿ ಹೇಳಿದರು. ಬಿಸಿಲು ಬಡಿದ ಮಗುವಿಗೆ ಮಾತ್ರ ನೀರು ತಪ್ಪಿಸಬೇಡಿ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದರು.

ಸಭೆ ಗುಜುಗುಜು ಅಂದಿತು. ಇಂಡಿಯ ಗೆಳತಿ ಎದ್ದು ನಿಂತಳು.

"ಏನಽ, ನಮ್ಮ ಮೇಟ್ರನ್ ಬಾಯಾರಿಗೆ ತಿಳೀಲಾರದ್ದು ನಿನಗ ತಿಳೀತೇನ? ಇಷ್ಟ ವರ್ಷ ನಾವೆಲ್ಲಾ ಅರಬಿ ಹಿಂಡಿದ್ದು ಸುಳ್ಳೇನ?"

"ಹಿಂಡಿದ್ದು ಖರೇ. ಅಳತಿ ಸುಳ್ಳು. ನಂಬಿಕಿ ಇಲ್ಲಂದ್ರ ಬಾ, ಪರದೆ ಕಟ್ಟಿಸೇನಿ."

ಪರದೆಯನ್ನು ನನಗಾಗಿ ಕಟ್ಟಿಸಿದ್ದೆ, ನಾನೇ ಇಟ್ಟುಕೊಂಡು ತೋರಿಸೋಣ ಎಂದು. ಅವಳು ಹಟಮಾರಿ. "ನೀ ಬ್ಯಾಡ, ನೀ ಮೋಸಾ ಮಾಡ್ತಿ. ನನ್ನ ಬಗಲಾಗಽ ಇಡು," ಎಂದು ಸೆರಗು ಸಿಕ್ಕಿಸಿಕೊಂಡು ಪರದೆಯ ಹಿಂದೆ ನಡೆದಳು. ಸಿಂದಗಿಯ ಇಬ್ಬರು, ಮುದ್ದೇಬಿಹಾಳದ ಒಬ್ಬಳು ಸಾಕ್ಷಿಗೆಂದು ಹಿಂದೆ ಹೋದರು. ಮೊದಲ ಅಳತೆ ಆಯಿತು, ಒಬ್ಬಳು ಹೊರಗೆ ಬಂದು ಅಂಕಿಗಳನ್ನು ಕೂಗಿ ಹೇಳಿದಳು. ಆಮೇಲೆ ಬಟ್ಟೆ. ಹತ್ತು ನಿಮಿಷ ಇಡೀ ಸಭೆ ಗಡಿಯಾರ ನೋಡುತ್ತ ಕೂತಿತು. ಒಳಗಿನಿಂದ, "ಯಪ್ಪಾ, ಏನ ಥಂಡೀನಽ ಇದು!" ಎಂಬ ಕೂಗು ಕೇಳಿ ಎಲ್ಲರೂ ಹೋ ಎಂದು ನಕ್ಕರು. ಈಗ ಅಂಕಿ ಬೇರೆ ಬಂದರೆ? ಅಷ್ಟು ಜನರೆದುರು ಅರ್ಧ ಆಯುಷ್ಯದ ಕೆಲಸವನ್ನು ತಪ್ಪು ಅಂದಿದ್ದೆ.

ಅವಳು ಹೊರಗೆ ಬಂದಳು. ಎರಡೂ ಕೈಯಲ್ಲಿ ಒಂದೊಂದು ಥರ್ಮಾಮೀಟರು.

"ನನ್ನ ಕನ್ನಡಕ ಚೀಲದಾಗ ಉಳೀತು. ನೀನಽ ಓದು."

"ನಾ ಓದೂದಿಲ್ಲ. ಸಿಂದಗಿಯವರು ಓದಲಿ."

ಸಿಂದಗಿಯವಳು ಓದಿದಳು. ಬಾಯಿಯದು ಮೊದಲಿನ ಹಾಗೆಯೇ ಇತ್ತು. ಕಂಕುಳಿನದನ್ನು ಎರಡು ಸಲ ತಿರುಗಿಸಿ ನೋಡಿ, "ಇದ ಏರೇ ಇಲ್ರೀ," ಅಂದಳು. ನನ್ನ ಗೆಳತಿ ತನ್ನ ಅಂಗೈಯನ್ನು ಕುತ್ತಿಗೆಗೆ ಒತ್ತಿ ನೋಡಿಕೊಂಡಳು, ಆಮೇಲೆ ಕಂಕುಳ ಕಡೆಗೆ ಒಯ್ದಳು. ಮಸೂತಿಯ ತಾಯಿ ಮಾಡಿದ್ದೂ ಹೀಗೆಯೇ.

"ಹಂಗಾರ ನಾಳೆ ನಮ್ಮ ಗ್ವಾಡಿ ಮ್ಯಾಲಿನ ಹಲಗಿ ಇಳಸ್ತೇನಿ," ಅಂದಳು. "ಆದ್ರ ಒಂದ ಮಾತು. ನಮ್ಮ ಕಡೆ ತಾಯಂದ್ರಿಗೆ ಅರಬಿ ಹಾಕೂದು ಕಲಿಸಿದಾಕಿ ನೀನು. ಹಾಕಲಿಲ್ಲಂದ್ರ ನನ್ನ ಜೋಡಿ ಜಗಳಾ ತಗೀತಾರ. ನೀನಽ ಬಂದು ಹೇಳು."

"ಬರ್ತೇನಿ."

"ಯಾವಾಗ?"

"ಮುಂದಿನ ಸೋಮವಾರ, ಹತ್ತರೊಳಗ."

ಸೋಮವಾರ ರಜೆ ಬರೆದುಕೊಟ್ಟು ಬೆಳಗಿನ ಮೊದಲ ಬಸ್ಸು ಹಿಡಿದೆ. ಬೋಗುಣಿಯನ್ನು ದವಾಖಾನೆಯಲ್ಲೇ ಬಿಟ್ಟಿದ್ದೆ. ಚೀಲದಲ್ಲಿ ಹತ್ತಿ ಸುತ್ತಿದ ಎರಡು ಥರ್ಮಾಮೀಟರು, ಮಸೂತಿಯ ಹುಡುಗಿಯ ತಖ್ತೆ, ಒಂದು ಕೈವಸ್ತ್ರ. ಇಂಡಿಯ ದವಾಖಾನೆ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ ಇತ್ತು. ಮಕ್ಕಳ ಕೋಣೆಯ ಗೋಡೆಯಲ್ಲಿ ಹಲಗೆ ಇದ್ದ ಜಾಗ ಮಾತ್ರ ಬೆಳ್ಳಗೆ, ಚೌಕವಾಗಿ ಕಾಣುತ್ತಿತ್ತು. ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಒಬ್ಬ ತಾಯಿ ಗೆಳತಿಯನ್ನು ದಬಾಯಿಸುತ್ತಿದ್ದಳು:

"ಅರಬಿ ಯಾಕ ಹಾಕವಲ್ರಿ? ನೀರ ಇಲ್ಲೇನ?"

ಗೆಳತಿ ನನ್ನ ಕಡೆ ಬೆರಳು ಮಾಡಿದಳು. ನಾನು ಕೈ ತೊಳೆದುಕೊಂಡು ಆ ತಾಯಿಯ ಪಕ್ಕದಲ್ಲಿ ಕೂತು, "ಮೊದ್ಲ ನಿನ್ನ ಕೈ ಕೂಸಿನ ಹೊಟ್ಟಿ ಮ್ಯಾಲ ಇಡವಾ," ಅಂದೆ.